ಊರ ಚೌಕಕ್ಕೆ ಹೊಸ ರೂಪ: ಮೊದಲು ಮಂಗಳವಾರ ಮಧ್ಯಾಹ್ನ, ಆಮೇಲೆ ಸಂಭ್ರಮ

ಹೊಸ ಚೌಕ ಹೇಗಿರುತ್ತದೆ ಎಂದು ತೋರಿಸುವ ಚಿತ್ರಗಳಲ್ಲಿ ಯಾವಾಗಲೂ ಸಂಜೆಯೇ. ಆಕಾಶಕ್ಕೆ ಕೇಸರಿ ಬಣ್ಣ, ಮಗುವಿನ ಕೈಯಲ್ಲಿ ಬಲೂನು, ಮೂಲೆಯಲ್ಲಿ ಗಿಟಾರ್ ಹಿಡಿದ ಹುಡುಗ, ಎಲ್ಲೆಲ್ಲೂ ಜನ. ಇಂಥ ಚಿತ್ರಗಳನ್ನು ನಾನೂ ಮಾಡಿಕೊಡುತ್ತೇನೆ. ಅದಿಲ್ಲದೆ ಕೆಲಸಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಆದರೆ ನಾನು ಡಿಸೈನ್ ಶುರು ಮಾಡುವುದು ಬೇರೆ ಹೊತ್ತಿನಿಂದ. ಮಂಗಳವಾರ, ಮಧ್ಯಾಹ್ನ ಮೂರು ಗಂಟೆ, ಯಾವ ಕಾರ್ಯಕ್ರಮವೂ ಇಲ್ಲ. ಒಬ್ಬರು ಅಜ್ಜ ಬಸ್ಸಿಗೆ ಇನ್ನೂ ಅರ್ಧ ಗಂಟೆ ಕಾಯಬೇಕು. ಇಬ್ಬರು ಹುಡುಗಿಯರಿಗೆ ಯಾರ ಕಿವಿಗೂ ಬೀಳದ ಹಾಗೆ ಮಾತಾಡಬೇಕು. ಒಬ್ಬ ತಾಯಿಗೆ ಮಲಗಿದ ಮಗುವನ್ನು ಎಬ್ಬಿಸದೆ ಕೂರಬೇಕು. ಇವರಿಗೆ ಆ ಚೌಕದಲ್ಲಿ ಏನಿದೆ?

ಹಲವು ಕೆಲಸಕ್ಕೆ ಆಗುವ ಜಾಗ ಬೇಕು ಎಂದ ಕೂಡಲೇ ಇದ್ದದ್ದನ್ನೆಲ್ಲ ಕಿತ್ತು ಬಯಲು ಮಾಡುವವರೇ ಜಾಸ್ತಿ. ರಾಟರ್‌ಡ್ಯಾಮ್‌ನ ಸ್ಕೌಬರ್ಗ್‌ಪ್ಲೇನ್ ಚೌಕವನ್ನು 1996ರಲ್ಲಿ ಹೊಸದಾಗಿ ಮಾಡಿದಾಗ ಅದನ್ನು ಒಂದು ದೊಡ್ಡ ರಂಗಮಂಚದ ಹಾಗೆ ರೂಪಿಸಿದರು. ಕ್ರೇನಿನ ಹಾಗೆ ಬಾಗುವ ಕೆಂಪು ದೀಪದ ಕಂಬಗಳನ್ನು ಜನರೇ ಅಲ್ಲಾಡಿಸಬಹುದಿತ್ತು. ನೋಡುವುದಕ್ಕೆ ಬಹಳ ಚೆನ್ನ. ಆದರೂ ನಾಟಕ ಇಲ್ಲದ ದಿನ ರಂಗದ ಮೇಲೆ ನಿಲ್ಲಲು ಯಾರಿಗೆ ಮನಸ್ಸಾಗುತ್ತದೆ? ಅದು ಖಾಲಿ ಖಾಲಿ ಅನಿಸುತ್ತದೆ ಎಂಬ ದೂರು ವರ್ಷಗಟ್ಟಲೆ ಕೇಳಿಬಂತು. ಅಂಚು ಗಟ್ಟಿಯಾಗಿ, ನೆಲದಡಿ ಎಲ್ಲ ಸೌಕರ್ಯ ಸಿದ್ಧವಾಗಿದ್ದರೆ ಮಾತ್ರ ನಡುವಿನ ಜಾಗವನ್ನು ಧೈರ್ಯವಾಗಿ ಖಾಲಿ ಬಿಡಬಹುದು.

ಗೆರೆ ಎಳೆಯುವ ಮೊದಲು

ನಕ್ಷೆ ಪಕ್ಕಕ್ಕಿಡಿ. ಒಂದು ನೋಟ್‌ಬುಕ್, ಅಳತೆಯ ಟೇಪು, ಸೀಮೆಸುಣ್ಣ ಹಿಡಿದು ಚೌಕಕ್ಕೆ ಹೋಗಿ. ಕೆಲಸದ ದಿನ ಒಂದು, ರಜೆಯ ದಿನ ಒಂದು ಆರಿಸಿ. ಬೆಳಗ್ಗೆಯಿಂದ ರಾತ್ರಿಯವರೆಗೆ ಪ್ರತಿ ಗಂಟೆಗೂ ಒಂದೇ ಕೆಲಸ. ಮೊದಲ ಹತ್ತು ನಿಮಿಷ ಹಾದುಹೋಗುವವರನ್ನು ಎಣಿಸಿ. ಆಮೇಲೆ ನಿಂತವರು, ಕೂತವರು, ಒರಗಿದವರು ಎಲ್ಲೆಲ್ಲಿದ್ದಾರೆ ಎಂದು ಖಾಲಿ ನಕ್ಷೆಯ ಪ್ರತಿಯ ಮೇಲೆ ಚುಕ್ಕೆ ಹಾಕಿ. ಹಾದುಹೋಗುವವರು ಸಾವಿರ ಇರಬಹುದು. ನಿಮಗೆ ಮುಖ್ಯವಾಗಬೇಕಾದ್ದು ನಿಲ್ಲುವವರ ಲೆಕ್ಕ. ಸಾವಿರ ಜನ ಹೋಗಿ ಮೂವರು ನಿಂತರೆ ಅದು ಚೌಕದ ಕೆಲಸ ಮಾಡುತ್ತಿಲ್ಲ, ಬರೀ ಅಗಲವಾದ ರಸ್ತೆ.

ಹೆಂಗಸರು ಎಷ್ಟು ಜನ ಎಂಬುದನ್ನು ಬೇರೆಯಾಗಿ ಬರೆದುಕೊಳ್ಳಿ. 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬಾತ ನ್ಯೂಯಾರ್ಕಿನ ಚೌಕಗಳ ಮೇಲೆ ಕ್ಯಾಮೆರಾ ಇಟ್ಟು ಜನ ಏನು ಮಾಡುತ್ತಾರೆ ಎಂದು ತಾಳ್ಮೆಯಿಂದ ನೋಡಿದ. ಚೆನ್ನಾಗಿ ನಡೆಯುವ ಚೌಕಗಳಲ್ಲಿ ಹೆಂಗಸರ ಪಾಲು ಜಾಸ್ತಿ ಇರುತ್ತದೆ ಎಂದು ಅವನಿಗೆ ಕಂಡಿತು. ಎಲ್ಲಿ ಕೂರಬೇಕು ಎಂಬುದನ್ನು ಅವರು ಹೆಚ್ಚು ನೋಡಿ ಆರಿಸುತ್ತಾರೆ, ಅಷ್ಟೇ. ಒಂದು ಮೂಲೆಯಲ್ಲಿ ದಿನವಿಡೀ ಗಂಡಸರೇ ಇದ್ದರೆ ಅಲ್ಲಿ ಬೆಳಕು, ನೋಟ, ಹೊರಹೋಗುವ ದಾರಿ, ಈ ಮೂರರಲ್ಲಿ ಏನೋ ಒಂದು ಸರಿಯಿಲ್ಲ ಎಂದು ನಾನು ಹುಡುಕಲು ಶುರು ಮಾಡುತ್ತೇನೆ.

ಜನ ಇಲ್ಲದಾಗಲೂ ಗುರುತು ಉಳಿದಿರುತ್ತದೆ. ಹುಲ್ಲಿನ ಮೇಲೆ ಕಾಲುದಾರಿ ಬಿದ್ದಿದೆಯೇ? ಯಾವ ಕಟ್ಟೆಯ ಅಂಚು ಸವೆದು ಹೊಳೆಯುತ್ತಿದೆ? ಎಲ್ಲಿ ರಟ್ಟಿನ ತುಂಡು ಹಾಸಿದ್ದಾರೆ? ರಟ್ಟು ಇದ್ದರೆ ಅಲ್ಲಿ ಕೂರುವ ಆಸೆ ಇದೆ, ಕೂರುವ ಅನುಕೂಲ ಇಲ್ಲ. ಕಸ ಗುಡಿಸುವವರನ್ನು, ಕಾವಲಿನವರನ್ನು ಮಾತಾಡಿಸಿ. ಯಾವ ಬೆಂಚಿನ ಕೆಳಗೆ ನೀರು ನಿಲ್ಲುತ್ತದೆ, ಯಾವ ದೀಪ ಪದೇ ಪದೇ ಕೆಡುತ್ತದೆ, ರಾತ್ರಿ ಹತ್ತರ ಮೇಲೆ ಯಾರು ಬರುತ್ತಾರೆ, ಎಲ್ಲ ಅವರಿಗೆ ಗೊತ್ತು. ಯಾವ ಸಮೀಕ್ಷೆಯ ಫಾರಂನಲ್ಲೂ ಇದು ಸಿಗುವುದಿಲ್ಲ.

ಸೀಮೆಸುಣ್ಣ ನೆರಳಿಗೆ. ಒಂಬತ್ತು, ಹನ್ನೆರಡು, ಮೂರು, ಐದು ಗಂಟೆಗೆ ಕಟ್ಟಡಗಳ ನೆರಳಿನ ಅಂಚನ್ನು ನೆಲದ ಮೇಲೆ ಗುರುತು ಮಾಡಿ ಫೋಟೊ ತೆಗೆಯಿರಿ. ಕಂಪ್ಯೂಟರ್ ಕೂಡ ಇದನ್ನು ಮಾಡುತ್ತದೆ. ಎಲ್ಲ ಋತುಗಳಿಗೂ ಅದನ್ನೇ ನೆಚ್ಚಬೇಕು. ಆದರೆ ಕೈಯಲ್ಲಿ ಒಮ್ಮೆ ಗೆರೆ ಎಳೆದವರು ಬಿಸಿಲಲ್ಲಿ ಲೋಹದ ಬೆಂಚು ಹಾಕುವುದಿಲ್ಲ.

ಅಂಚು ಮೊದಲು

ಜನ ನಡುವೆ ಕೂರುವುದಿಲ್ಲ. ಬೆನ್ನಿಗೆ ಏನಾದರೂ ಆಸರೆ, ಮುಂದೆ ನೋಡಲು ಏನಾದರೂ ಇರಬೇಕು. ಹಾಗಾಗಿ ಕೂರುವ ಜಾಗ, ಮರ, ದೀಪ ಎಲ್ಲವನ್ನೂ ಮೊದಲು ಅಂಚಿನಲ್ಲಿ ಹೊಂದಿಸಿ. ಸುತ್ತಲಿನ ಕಟ್ಟಡಗಳ ಬಾಗಿಲು ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಕೆಂಪು ಚುಕ್ಕೆ ಇಡಿ. ಬಾಗಿಲು ಜಾಸ್ತಿ ಇರುವ ಬದಿಗೆ ಜೀವ ತಾನಾಗಿ ಬರುತ್ತದೆ. ಬಾಗಿಲೇ ಇಲ್ಲದ ಉದ್ದ ಗೋಡೆ ಇದ್ದರೆ ಒಳ್ಳೆಯ ಬೆಂಚುಗಳನ್ನು ಅಲ್ಲಿ ಹಾಳು ಮಾಡಬೇಡಿ. ಅಲ್ಲಿ ಗೋದಾಮು, ಶೌಚಾಲಯ, ಸೈಕಲ್ ನಿಲ್ದಾಣದಂಥದ್ದು ಬರಲಿ. ಅದಕ್ಕೂ ಒಂದು ಬಾಗಿಲು, ಒಂದು ಕಿಟಕಿ ಇರುತ್ತದಲ್ವಾ.

ದೂರದ ಲೆಕ್ಕವೂ ಇದೆ. ಎದುರಿನವರ ಮುಖಭಾವ ತಿಳಿಯುವುದು ಸುಮಾರು 25 ಮೀಟರ್ ಒಳಗೆ. 100 ಮೀಟರ್ ಆಚೆ ಬರೀ ಆಕಾರ. ನಿಮ್ಮ ಚೌಕ ಈ 100 ಮೀಟರಿಗಿಂತ ದೊಡ್ಡದಿದ್ದರೆ ಮರದ ಸಾಲು, ನಾಲ್ಕು ಮೆಟ್ಟಿಲು, ಕಟ್ಟೆ, ಏನಾದರೊಂದರಿಂದ ಅದನ್ನು ಎರಡು ಮೂರು ಕೋಣೆಗಳಾಗಿ ಒಡೆಯಿರಿ. ಆದರೆ ಕಣ್ಣಿಗೆ ಅಡ್ಡ ಬರುವ ಎತ್ತರದ ಬೇಲಿ ಬೇಡ. ನ್ಯೂಯಾರ್ಕಿನ ಬ್ರ್ಯಾಂಟ್ ಪಾರ್ಕ್ ಒಂದು ಕಾಲದಲ್ಲಿ ಮಾದಕವಸ್ತು ಮಾರುವವರ ತಾಣವಾಗಿತ್ತು. ಎತ್ತರದ ಗಿಡಗಳ ಬೇಲಿಯ ಹಿಂದೆ ಒಳಗಿನದು ರಸ್ತೆಗೆ ಕಾಣುತ್ತಿರಲಿಲ್ಲ. ಬೇಲಿ ತೆಗೆದು, ದಾರಿಗಳನ್ನು ಹೆಚ್ಚಿಸಿ, ಎತ್ತಿ ಇಡಬಹುದಾದ ಕುರ್ಚಿಗಳನ್ನು ಹಾಕಿ 1992ರಲ್ಲಿ ಮತ್ತೆ ತೆರೆದಾಗ ಅದು ಬೇರೆಯದೇ ಜಾಗವಾಗಿತ್ತು.

ಸುತ್ತಲೂ ವಾಹನ ಓಡುವ ಚೌಕ ನಿಮ್ಮ ಪಾಲಿಗೆ ಬಂದಿದ್ದರೆ ಬೆಂಚಿನ ವಿಷಯ ಆಮೇಲೆ. ಮೊದಲು ಒಂದು ಬದಿಯನ್ನಾದರೂ ಕಟ್ಟಡಗಳಿಗೆ ಸೇರಿಸಿ. ಪ್ಯಾರಿಸ್ಸಿನ ಪ್ಲಾಸ್ ದ ಲಾ ರಿಪಬ್ಲಿಕ್‌ನಲ್ಲಿ 2013ರಲ್ಲಿ ಮಾಡಿದ್ದು ಇದನ್ನೇ. ವಾಹನಗಳ ಸುತ್ತು ತಪ್ಪಿಸಿದರು, ಒಂದು ಬದಿಯ ಕಾಲುದಾರಿ ಚೌಕಕ್ಕೆ ಅಂಟಿಕೊಂಡಿತು. ನಾಲ್ಕೂ ಕಡೆ ರಸ್ತೆ ದಾಟಿ ಬಂದು ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಕೂರುವ ಜಾಗ: ಇಲ್ಲಿ ಜಿಪುಣತನ ಬೇಡ

ಎಷ್ಟು ಕೂರುವ ಜಾಗ ಬೇಕು? ನ್ಯೂಯಾರ್ಕಿನ 1975ರ ನಿಯಮ ನನಗೆ ಈಗಲೂ ಒಳ್ಳೆಯ ಅಳತೆಗೋಲು. ಕಟ್ಟಡಗಳ ಮುಂದಿನ ಚೌಕಗಳಲ್ಲಿ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದ ಕೂರುವ ಜಾಗ ಇರಬೇಕು ಎಂದು ಅದು ಹೇಳಿತು. 40 ಮೀಟರ್‌ಗೆ 50 ಮೀಟರ್ ಇರುವ ಚೌಕ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 220 ಮೀಟರ್ ಬರುತ್ತದೆ. ಮೂವರು ಕೂರುವ 1.8 ಮೀಟರಿನ ಬೆಂಚುಗಳಾದರೆ 120ಕ್ಕೂ ಜಾಸ್ತಿ. ಅಷ್ಟು ಬೆಂಚು ಹಾಕಿದರೆ ಕಾಯುವ ಕೋಣೆಯ ಹಾಗೆ ಕಾಣುತ್ತದೆ. ಯಾರೂ ಹಾಕುವುದೂ ಇಲ್ಲ.

ಇದಕ್ಕೆ ದಾರಿ ಕಟ್ಟೆ. ಗಿಡದ ಪಾತಿಯ ಅಂಚು, ಮೆಟ್ಟಿಲು, ಮರದ ಸುತ್ತಿನ ಕಟ್ಟೆ, ಕಾರಂಜಿಯ ಅಂಚು, ತಗ್ಗು ಗೋಡೆ, ಹೇಗಿದ್ದರೂ ಕಟ್ಟಲೇಬೇಕಾದ ಇವನ್ನೆಲ್ಲ ಕೂರುವ ಎತ್ತರಕ್ಕೆ ಕಟ್ಟಿ. ಒಂದು ಅಡಿಯಿಂದ ಮೂರು ಅಡಿಯವರೆಗಿನ ಯಾವ ಅಂಚಿನ ಮೇಲೂ ಜನ ಕೂರುತ್ತಾರೆ ಎಂದು ವೈಟ್ ಕಂಡಿದ್ದ. ಆರಾಮದ ಎತ್ತರ 45 ಸೆಂಟಿಮೀಟರ್ ಆಸುಪಾಸು. ಅಗಲ 40 ಸೆಂಟಿಮೀಟರ್ ಆದರೂ ಇರಲಿ. ಸಾಧ್ಯವಿದ್ದಲ್ಲಿ 75 ಸೆಂಟಿಮೀಟರ್ ಮಾಡಿ, ಆಗ ಎರಡೂ ಕಡೆಯಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂರಬಹುದು. ಕಟ್ಟೆಯ ಮೇಲ್ಮೈಗೆ ಹೊರಮುಖವಾಗಿ ಒಂದಿಷ್ಟು ಇಳಿಜಾರು ಕೊಡದಿದ್ದರೆ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಒದ್ದೆ. ಇದು ಡ್ರಾಯಿಂಗಿನಲ್ಲಿ ಬರೆಯಲೇಬೇಕಾದ ಮಾತು. ಬಾಯಲ್ಲಿ ಹೇಳಿದರೆ ಕಂಟ್ರಾಕ್ಟರ್ ಮಟ್ಟಸವಾಗಿಯೇ ಹಾಕುತ್ತಾರೆ.

ಕಟ್ಟೆ ಎಲ್ಲರಿಗೂ ಆಗುವುದಿಲ್ಲ. ಮಂಡಿ ನೋವಿರುವವರಿಗೆ ಎದ್ದೇಳಲು ಕೈ ಊರಬೇಕು. ಒಟ್ಟು ಜಾಗದಲ್ಲಿ ಕಾಲು ಭಾಗವಾದರೂ ಬೆನ್ನು, ಕೈ ಎರಡೂ ಇರುವ ಸರಿಯಾದ ಬೆಂಚು ಆಗಿರಲಿ ಎನ್ನುವುದು ನನ್ನ ಹಟ. ಕೂರುವ ಹಲಗೆಯ ಕೆಳಗೆ ಪಾದ ಹಿಂದಕ್ಕೆ ಹೋಗಲು ಜಾಗ ಬಿಡಿ, ಏಳುವಾಗ ಪಾದ ದೇಹದ ಕೆಳಗೆ ಬರಬೇಕು. ಪೂರ್ತಿ ಗಟ್ಟಿ ಕಲ್ಲಿನ ದಿಮ್ಮಿಯ ಮೇಲಿಂದ ಏಳುವ ವಯಸ್ಸಾದವರನ್ನು ಒಮ್ಮೆ ನೋಡಿ, ಅರ್ಥವಾಗುತ್ತದೆ. ಕೆಲವು ಬೆಂಚುಗಳ ಪಕ್ಕದಲ್ಲಿ 90 ಸೆಂಟಿಮೀಟರ್ ಅಗಲದ ಸಮತಟ್ಟು ಜಾಗ ಖಾಲಿ ಬಿಟ್ಟರೆ ಗಾಲಿಕುರ್ಚಿಯವರು ಗೆಳೆಯರ ಪಕ್ಕದಲ್ಲೇ ಇರಬಹುದು. ಎಷ್ಟೋ ಚೌಕಗಳಲ್ಲಿ ಅವರು ಬೆಂಚಿನ ಎದುರು, ಓಡಾಡುವವರ ದಾರಿಯಲ್ಲಿ ನಿಲ್ಲಬೇಕಾಗುತ್ತದೆ.

ಮಧ್ಯದಲ್ಲಿ ಅಡ್ಡ ಕಂಬಿ ಹಾಕಿ ಯಾರೂ ಮಲಗದ ಹಾಗೆ ಮಾಡುವ ಬೆಂಚನ್ನು ನಾನು ಬರೆದುಕೊಡುವುದಿಲ್ಲ. ಕೇಳುವವರು ಯಾವಾಗಲೂ ಇರುತ್ತಾರೆ. ಮಲಗುವವರಿಗೆ ಬೇರೆ ಎಲ್ಲಿ ಜಾಗವಿದೆ ಎಂಬ ಪ್ರಶ್ನೆಗೆ ಬೆಂಚಿನಿಂದ ಉತ್ತರ ಸಿಗುವುದಿಲ್ಲ. ಆ ಕಂಬಿಯ ಶಿಕ್ಷೆ ಉಳಿದ ಎಲ್ಲರಿಗೂ ಬೀಳುತ್ತದೆ.

ಬೆಂಚುಗಳ ದಿಕ್ಕನ್ನೂ ನೋಡಿ. ನೇರ ಸಾಲಿನಲ್ಲಿ ಕೂತ ನಾಲ್ವರು ಮಾತಾಡಲಾರರು. ಲಂಬಕೋನದಲ್ಲಿ ಇಟ್ಟ ಎರಡು ಬೆಂಚು ಗೆಳೆಯರಿಗೂ ಆಗುತ್ತದೆ, ಅಪರಿಚಿತರಿಗೂ ಆಗುತ್ತದೆ, ಬೇಕಾದರೆ ಮುಖ ನೋಡಬಹುದು, ಬೇಡವಾದರೆ ಇಲ್ಲ. ಎದುರುಬದುರು ಹತ್ತಿರ ಇಟ್ಟರೆ ಒಬ್ಬರು ಕೂತ ಕೂಡಲೇ ಇನ್ನೊಂದು ಖಾಲಿ ಉಳಿಯುತ್ತದೆ.

ಎತ್ತಿಡುವ ಕುರ್ಚಿ

ನನ್ನ ಕೈಗೆ ಸಣ್ಣ ಬಜೆಟ್ ಕೊಟ್ಟು ಒಂದೇ ವಸ್ತು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ನ್ಯೂಯಾರ್ಕಿನ ಪೇಲಿ ಪಾರ್ಕ್ 1967ರಿಂದ ಇದನ್ನು ತೋರಿಸಿಕೊಂಡು ಬಂದಿದೆ. ಒಂದು ಕಟ್ಟಡದ ನಿವೇಶನದಷ್ಟು ಜಾಗ, ಒಂದು ಗೋಡೆಯಷ್ಟು ಜಲಪಾತ, ಮರಗಳು, ಬಿಡಿ ಕುರ್ಚಿಗಳು. ಜನ ಬಂದು ಕುರ್ಚಿಯನ್ನು ನಾಲ್ಕು ಬೆರಳಷ್ಟು ಸರಿಸಿ ಕೂರುತ್ತಾರೆ. ಆ ಸರಿಸುವಿಕೆಗೆ ಎಷ್ಟೋ ಸಲ ಕಾರಣವೇ ಇರುವುದಿಲ್ಲ. ಈಗ ಇದು ನನ್ನ ಕುರ್ಚಿ ಎಂದು ಹೇಳುವ ರೀತಿ ಅದು, ಅಷ್ಟೇ.

ಕದ್ದುಕೊಂಡು ಹೋಗುತ್ತಾರೆ ಎನ್ನುವ ಮಾತು ಮೊದಲ ಸಭೆಯಲ್ಲೇ ಬರುತ್ತದೆ. ಕೆಲವು ಹೋಗಬಹುದು, ಅದನ್ನು ಖರ್ಚಿನ ಪಟ್ಟಿಯಲ್ಲೇ ಸೇರಿಸಿ. ನೋಡುವ ಕಣ್ಣುಗಳಿರುವ ಕಡೆ, ಅಂದರೆ ತೆರೆದಿರುವ ಬಾಗಿಲುಗಳ ಎದುರು ಇಡಿ. ಒಬ್ಬರೇ ಎತ್ತುವಷ್ಟು ಹಗುರ, ಗಾಳಿಗೆ ಹಾರದಷ್ಟು ಭಾರ ಇರಲಿ. ಒಂದೇ ಗುರುತಿನ ಬಣ್ಣ ಬಳಿದರೆ ಬೇರೆ ಕಡೆ ಕಂಡಾಗ ಎಲ್ಲಿಯದು ಎಂದು ಗೊತ್ತಾಗುತ್ತದೆ. ಒಂದರೊಳಗೊಂದು ಪೇರಿಸಲು ಬರಬೇಕು. ರಾತ್ರಿ ಪೇರಿಸುವುದು ಯಾರು, ಎಲ್ಲಿ ಎಂಬುದಕ್ಕೆ ಉತ್ತರ ಸಿಗುವವರೆಗೆ ಕುರ್ಚಿ ಆರ್ಡರ್ ಮಾಡಬೇಡಿ. ಉತ್ತರ ಸಿಗದಿದ್ದರೆ ನಡುದಾರಿ ಒಂದಿದೆ. ವಿಯೆನ್ನಾದ ಮ್ಯೂಸಿಯಂ ಆವರಣದ ಅಂಗಳಗಳಲ್ಲಿ ದೊಡ್ಡ ಬಣ್ಣದ ಆಸನಗಳಿವೆ. ಮಲಗಲೂ ಬಹುದು, ಒರಗಲೂ ಬಹುದು. ಒಬ್ಬರು ಹೊತ್ತೊಯ್ಯಲಾರರು, ಸಿಬ್ಬಂದಿ ಬೇಕಾದಾಗ ಬೇರೆ ಬೇರೆ ರೀತಿ ಜೋಡಿಸುತ್ತಾರೆ.

ನಡುವಿನ ಖಾಲಿ ಜಾಗ

ಈಗ ನಡುವಿಗೆ ಬರೋಣ. ಇಲ್ಲಿ ಕಣ್ಣಿಗೆ ಕಾಣುವುದು ಕಡಿಮೆ, ನೆಲದಡಿ ಇರುವುದು ಜಾಸ್ತಿ. ಸಂತೆ, ಸಂಗೀತ, ಸಿನಿಮಾ, ಸಭೆ, ಏನೇ ನಡೆದರೂ ಕೇಳುವುದು ನಾಲ್ಕೇ: ವಿದ್ಯುತ್, ನೀರು, ಚರಂಡಿ, ಲಾರಿ ಬರುವ ದಾರಿ. ನೆಲದ ಮಟ್ಟಕ್ಕೆ ಮುಚ್ಚಳ ಇರುವ ವಿದ್ಯುತ್ ಪೆಟ್ಟಿಗೆಗಳನ್ನು ನಡುವಿನ ಜಾಗದ ಸುತ್ತ ಹಂಚಿ, ಯಾರೂ ಉದ್ದದ ವೈರು ಎಳೆಯಬೇಕಾಗದಷ್ಟು ಹತ್ತಿರ ಹತ್ತಿರ. ವೈರಿಗೆ ಎಡವಿ ಬೀಳುವುದೂ ತಪ್ಪುತ್ತದೆ, ಗದ್ದಲ ಮಾಡುವ ಜನರೇಟರೂ ತಪ್ಪುತ್ತದೆ. ಪೆಟ್ಟಿಗೆಯೊಳಗೆ ಮಳೆನೀರು ಇಳಿದರೆ ಹೋಗಲು ದಾರಿ ಇರಬೇಕು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಉದ್ದ ಗ್ರಾನೈಟ್ ಬೆಂಚುಗಳೊಳಗೇ ಕಾರ್ಯಕ್ರಮಗಳಿಗೆ ಬೇಕಾದ ಸಂಪರ್ಕಗಳನ್ನು ಅಡಗಿಸಿದ್ದಾರೆ. ನನಗೆ ಈ ಉಪಾಯ ಹೆಚ್ಚು ಇಷ್ಟ, ನೆಲ ಅಗೆಯುವುದು ಕಡಿಮೆ.

ಟೆಂಟಿಗೆ, ನೆರಳಿನ ಬಟ್ಟೆಗೆ ಕಂಬ ನಿಲ್ಲಿಸಲು ನೆಲದಲ್ಲಿ ಮುಚ್ಚಳವಿರುವ ತೂತುಗಳನ್ನು ಈಗಲೇ ಕೊಡಿ. ಇಲ್ಲದಿದ್ದರೆ ಮೊದಲ ಕಾರ್ಯಕ್ರಮದವರು ನಿಮ್ಮ ಹೊಸ ಕಲ್ಲಿಗೆ ಮೊಳೆ ಹೊಡೆಯುತ್ತಾರೆ. ಲಾರಿ, ಅಗ್ನಿಶಾಮಕ ವಾಹನ ಬರುವ ದಾರಿಯಲ್ಲಿ ಕಲ್ಲು ದಪ್ಪ ಇರಲಿ, ಕೆಳಗಿನ ಹಾಸು ಗಟ್ಟಿ ಇರಲಿ. ಸ್ಥಳೀಯ ಅಗ್ನಿಶಾಮಕದವರನ್ನು ಕೇಳಿಯೇ ಅಗಲ ತೀರ್ಮಾನಿಸಿ. ಆ ದಾರಿಯ ಬಾಯಲ್ಲಿ ತೆಗೆಯಬಹುದಾದ ಅಡ್ಡಗಂಬಗಳಿರಲಿ. ಕಂಬಗಳ ನಡುವೆ ಗಾಲಿಕುರ್ಚಿ ಹೋಗಬೇಕು, ಕಾರು ಹೋಗಬಾರದು. 90 ಸೆಂಟಿಮೀಟರಿಗೆ ಕಡಿಮೆ ಬೇಡ, 120ಕ್ಕೆ ಜಾಸ್ತಿ ಬೇಡ.

ನೆಲಕ್ಕೆ ಐವತ್ತಕ್ಕೆ ಒಂದರಷ್ಟು, ಅಂದರೆ ಐವತ್ತು ಅಡಿಗೆ ಒಂದು ಅಡಿ ಇಳಿಯುವಷ್ಟು ಇಳಿಜಾರು ಸಾಕು, ನೀರು ಹರಿಯುತ್ತದೆ, ಕುರ್ಚಿ ಅಲ್ಲಾಡುವುದಿಲ್ಲ. ಇಪ್ಪತ್ತಕ್ಕೆ ಒಂದಕ್ಕಿಂತ ಕಡಿದಾದರೆ ಅದನ್ನು ರ್‍ಯಾಂಪ್ ಎಂದೇ ತಿಳಿದು ಹಿಡಿದುಕೊಳ್ಳಲು ಕಂಬಿ ಕೊಡಿ. ಹೊಳೆಯುವ ಪಾಲಿಶ್ ಕಲ್ಲು ಮಾದರಿಯ ತುಂಡಿನಲ್ಲಿ ಚೆಂದ. ಅದರ ಮೇಲೆ ನೀರು ಸುರಿದು, ಚಪ್ಪಲಿ ಹಾಕಿಕೊಂಡು ನಡೆದು ನೋಡಿ. ಕಣ್ಣು ಕಾಣದವರಿಗೆ ಬಯಲು ಚೌಕ ಬಹಳ ಕಷ್ಟ. ಹಿಡಿದು ಹೋಗಲು ಗೋಡೆಯಿಲ್ಲ, ಅಂಚಿಲ್ಲ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಉಬ್ಬುಗೆರೆಯ ಕಲ್ಲುಗಳ ದಾರಿ ಹಾಸಿ. ಅದರ ಮೇಲೆ ಯಾವ ಕುರ್ಚಿಯೂ, ಯಾವ ಅಂಗಡಿಯೂ ಬರದ ಹಾಗೆ ನಿಯಮ ಬರೆದಿಡಿ.

ನೀರು ಬೇಕು ಎನ್ನುವವರಿಗೆ ತೊಟ್ಟಿಯಿಲ್ಲದ, ನೆಲದಿಂದಲೇ ಚಿಮ್ಮುವ ಕಾರಂಜಿ ಒಳ್ಳೆಯದು. ಲಂಡನ್ನಿನ ಗ್ರ್ಯಾನರಿ ಸ್ಕ್ವೇರ್‌ನಲ್ಲಿ ಇಂಥ 1,080 ಚಿಲುಮೆಗಳಿವೆ. ನಿಲ್ಲಿಸಿದರೆ ಅದೇ ಜಾಗ ಸಭೆಗೆ ಸಿದ್ಧ. ಮಳೆನೀರನ್ನೂ ಹೀಗೆ ಬಳಸಬಹುದು. ರಾಟರ್‌ಡ್ಯಾಮ್‌ನಲ್ಲೇ 2013ರಲ್ಲಿ ಬೆಂತೆಮ್‌ಪ್ಲೇನ್ ಎಂಬ ಚೌಕ ಮಾಡಿದರು. ಅದರ ಆಳದ ತೊಟ್ಟಿ ಒಣಗಿದ್ದಾಗ ಆಟದ ಅಂಕಣ, ಸುತ್ತಲಿನ ಮೆಟ್ಟಿಲೇ ಪ್ರೇಕ್ಷಕರ ಜಾಗ. ಜೋರು ಮಳೆ ಬಂದರೆ ಅದು ಕೆರೆ. ಒಂದೇ ಜಾಗ ಎರಡು ಕೆಲಸ ಮಾಡುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಉದಾಹರಣೆ ಇದು. ಒಂದು ಮಾತು: ಕಾರಂಜಿಯ ಪಂಪು, ನೀರು ಶುದ್ಧ ಮಾಡುವ ಯಂತ್ರ, ಅವನ್ನು ನೋಡಿಕೊಳ್ಳುವ ವ್ಯಕ್ತಿ, ಮೂರಕ್ಕೂ ವರ್ಷ ವರ್ಷ ಹಣವಿಲ್ಲದಿದ್ದರೆ ಕಾರಂಜಿ ಬೇಡ. ಕೆಟ್ಟು ನಿಂತ ಕಾರಂಜಿಗಿಂತ ಒಂದು ಮರ ಮೇಲು.

ಮರ, ದೀಪ

ಮರಕ್ಕೆ ಮಣ್ಣು ಕೊಡಿ. ಒಂದು ಮೀಟರಿನ ಚೌಕ ಗುಂಡಿಯಲ್ಲಿ ನೆಟ್ಟ ಮರ ಹತ್ತು ವರ್ಷವಾದರೂ ಕೋಲಿನ ಹಾಗೇ ಇರುತ್ತದೆ. ಕಲ್ಲುಹಾಸಿನ ಅಡಿಯಲ್ಲೂ ಬೇರು ಹರಡುವಂತೆ ಸಡಿಲ ಮಣ್ಣು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸೇರಿಕೊಂಡಿರಲಿ. ಕೆಳಗೆ ಪಾರ್ಕಿಂಗ್ ಇದ್ದರೆ ಎಷ್ಟು ಭಾರ ತಾಳುತ್ತದೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹೇಳುವವರೆಗೆ ಮರದ ಚಿತ್ರ ಬರೆಯಬೇಡಿ. ದೀಪ ಜನರ ಮುಖದ ಮೇಲೆ ಬೀಳಲಿ. ಎತ್ತರದ ಒಂದು ಕಂಬದ ಬಿಳಿ ಬೆಳಕಿಗಿಂತ ನಾಲ್ಕೈದು ಮೀಟರಿನ ಹಲವು ಕಂಬಗಳು, ಬೆಳಕಿನ ಬಣ್ಣದ ಅಳತೆಯಲ್ಲಿ 3000 ಕೆಲ್ವಿನ್ ಒಳಗಿನ ಬೆಚ್ಚನೆಯ ಬೆಳಕು ವಾಸಿ.

ಕಟ್ಟುವ ಮೊದಲು ಆಡಿ ನೋಡಿ

2009ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ರಸ್ತೆಗೆ ವಾಹನ ಬರುವುದನ್ನು ನಿಲ್ಲಿಸಿದಾಗ ಕಾಯಂ ಪೀಠೋಪಕರಣ ಇನ್ನೂ ಬಂದಿರಲಿಲ್ಲ. ಅಂಗಳದಲ್ಲಿ ಹಾಕುವ ಅಗ್ಗದ ಮಡಚುವ ಕುರ್ಚಿಗಳನ್ನು ತಂದು ರಸ್ತೆಯ ಮೇಲೇ ಇಟ್ಟರು. ಜನ ಬಂದು ಕೂತರು. ಕಲ್ಲಿನ ಕಾಯಂ ಕೆಲಸ ಮುಗಿಯಲು 2017 ಆಯಿತು. ಆ ನಡುವಿನ ವರ್ಷಗಳಲ್ಲಿ ಜನ ಎಲ್ಲಿ ಕೂರುತ್ತಾರೆ ಎಂಬುದು ಎಲ್ಲರ ಕಣ್ಣ ಮುಂದೆಯೇ ಇತ್ತು.

ನೀವೂ ಹೀಗೇ ಮಾಡಿ. ಬಣ್ಣದಿಂದ ನೆಲದ ಮೇಲೆ ಗೆರೆ ಎಳೆಯಿರಿ, ಡಬ್ಬಗಳಲ್ಲಿ ಗಿಡ ಇಡಿ, ಪ್ಲೈವುಡ್ಡಿನ ಕಟ್ಟೆಗಳನ್ನು ಮಾಡಿಸಿ. ಕೆಲವು ವಾರ ಬಿಡಿ. ಪ್ರತಿ ದಿನ ಸಂಜೆ, ಜನ ಸರಿಸಿದ್ದನ್ನು ಹಾಗೇ ಬಿಟ್ಟು ಒಂದು ಫೋಟೊ ತೆಗೆಯಿರಿ. ಕುರ್ಚಿಗಳು ದಿನವೂ ಅದೇ ಮೂಲೆಗೆ ಹೋಗಿ ಸೇರುತ್ತಿದ್ದರೆ ನಿಮ್ಮ ನಕ್ಷೆಯನ್ನು ತಿದ್ದಿ, ಕುರ್ಚಿಗಳನ್ನಲ್ಲ. ಸುತ್ತಲಿನ ವ್ಯಾಪಾರಿಗಳು ಈ ವಾರಗಳಲ್ಲಿ ಜಗಳಕ್ಕೆ ಬರುತ್ತಾರೆ, ಬರಲಿ. ಸಾಮಾನು ಇಳಿಸುವ ಹೊತ್ತು, ಗಾಡಿ ನಿಲ್ಲಿಸುವ ಜಾಗ, ಇವರ ದೂರಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜವಿರುತ್ತದೆ. ಅದನ್ನು ಕಲ್ಲು ಹಾಸುವ ಮೊದಲು ಕೇಳಿಸಿಕೊಳ್ಳುವುದು ಅಗ್ಗ.

ಯಾರ ಕೈಗೆ ಬೀಗದ ಕೈ

ಚೌಕಕ್ಕೆ ಒಬ್ಬರು ನೋಡಿಕೊಳ್ಳುವವರು ಬೇಕು. ಸಮಿತಿ ಸಾಲದು, ವ್ಯಕ್ತಿಯೇ ಬೇಕು. ವಿದ್ಯುತ್ ಪೆಟ್ಟಿಗೆಯ ಬೀಗ ತೆಗೆಯುವುದು, ಕುರ್ಚಿ ಪೇರಿಸುವುದು, ಕಾರ್ಯಕ್ರಮದವರು ಹೋದ ಮೇಲೆ ನೆಲ ನೋಡುವುದು ಇವರ ಕೆಲಸ. ಕುರ್ಚಿ, ಅಡ್ಡಗಂಬ, ಕೊಡೆ ಇಡಲು ಚೌಕದ ಅಂಚಿನಲ್ಲೇ ಒಂದು ಕೋಣೆ ಬೇಕು. ಎರಡು ಬೀದಿ ಆಚೆ ಗೋದಾಮು ಇದ್ದರೆ ಒಂದು ತಿಂಗಳಲ್ಲಿ ಕುರ್ಚಿ ಹೊರಗೆ ಬರುವುದೇ ನಿಲ್ಲುತ್ತದೆ. ಬೆಂಚಿನ ಹಲಗೆಗಳು ಒಂದೊಂದಾಗಿ ಬದಲಿಸಲು ಬರಬೇಕು. ಎಲ್ಲೆಡೆ ಸಿಗುವ ಅಳತೆಯ ಬೋಲ್ಟ್ ಬಳಸಿ.

ವರ್ಷಕ್ಕೆ ಎಷ್ಟು ದಿನ ಕಾರ್ಯಕ್ರಮಕ್ಕೆ ಕೊಡಬಹುದು, ಕಟ್ಟಲು ಬಿಚ್ಚಲು ಎಷ್ಟು ದಿನ, ಆಗಲೂ ಯಾವ ಬೆಂಚುಗಳು ಎಲ್ಲರಿಗೂ ತೆರೆದಿರಬೇಕು, ಇದನ್ನು ಉದ್ಘಾಟನೆಗೆ ಮೊದಲೇ ಕಾಗದದ ಮೇಲೆ ತನ್ನಿ. ಬಾಡಿಗೆಯ ರುಚಿ ಹತ್ತಿದ ಮೇಲೆ ಬೇಲಿ ಹಾಕಿದ ದಿನಗಳು ಹೆಚ್ಚುತ್ತಲೇ ಹೋಗುತ್ತವೆ. ಮಂಗಳವಾರದ ಅಜ್ಜ ಆಗ ಬೇಲಿಯ ಹೊರಗೆ.

ಒಟ್ಟು ಹಣದಲ್ಲಿ ಒಂದು ಪಾಲನ್ನು ಮೊದಲ ವರ್ಷದ ನಂತರದ ತಿದ್ದುಪಡಿಗೆ ಎತ್ತಿಡಿ. ಅದೇ ನೋಟ್‌ಬುಕ್ ಹಿಡಿದು, ಅದೇ ಗಂಟೆಗಳಲ್ಲಿ ಮತ್ತೆ ಎಣಿಸಿ, ಹಳೆಯ ಚುಕ್ಕೆಗಳ ಪಕ್ಕ ಹೊಸ ಚುಕ್ಕೆ ಇಡಿ. ಕೆಲವು ಬೆಂಚು ಜಾಗ ಬದಲಿಸುತ್ತವೆ, ಒಂದೆರಡು ಕಂಬ ಬೇಡವಾಗುತ್ತವೆ. ಕಲ್ಲು ತರಿಸುವಾಗಲೇ ನೂರಕ್ಕೆ ಐದರಷ್ಟು ಜಾಸ್ತಿ ತರಿಸಿ ಆ ಅಂಚಿನ ಕೋಣೆಯಲ್ಲಿ ಇಡಿ. ಪೈಪು ರಿಪೇರಿಗೆ ಯಾರಾದರೂ ನೆಲ ಅಗೆದೇ ಅಗೆಯುತ್ತಾರೆ. ಅಷ್ಟು ಹೊತ್ತಿಗೆ ಆ ಬಣ್ಣದ ಕಲ್ಲು ಎಲ್ಲೂ ಸಿಗುವುದಿಲ್ಲ.